ಇಪ್ಪತ್ತು ಸಾವಿರದೊಳಗೆ ಮನೆಯ ಸರ್ವರ್: ಮೂರು ತಿಂಗಳ ಓಡಾಟದ ಕಥೆ

ಮನೆಯವರ ಫೋಟೊ, ವಿಡಿಯೊ, ಹಾಡುಗಳನ್ನೆಲ್ಲ ಇಟ್ಟುಕೊಂಡು ಟೀವಿಗೆ ಒದಗಿಸುವ ಕಂಪ್ಯೂಟರ್, ಅಂದರೆ ನಮ್ಮ ಮನೆಯ ಸರ್ವರ್, ಕೈಕೊಟ್ಟದ್ದು 2025ರ ಅಕ್ಟೋಬರ್ 7ರ ರಾತ್ರಿ. ದಸರೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋಗಿ ಮೈಸೂರಿನ ನಮ್ಮ ಮನೆ ಮತ್ತೆ ಮೊದಲಿನ ಹದಕ್ಕೆ ಬಂದಿತ್ತು. ಆ ಸಂಜೆ ಗುಡುಗು ಸಹಿತ ಮಳೆ ಸುರಿದು, ಅರ್ಧ ಗಂಟೆಯೊಳಗೆ ನಾಲ್ಕು ಸಲ ಕರೆಂಟ್ ಹೋಗಿ ಬಂತು. ಬೆಳಿಗ್ಗೆ ಅಮ್ಮ "ಟೀವಿಯಲ್ಲಿ ಅಜ್ಜಿಯ ಹಾಡು ಬರುತ್ತಿಲ್ಲವಲ್ಲ" ಎಂದಾಗಲೇ ನಾನು ಹೋಗಿ ನೋಡಿದ್ದು.

ಆ ಹಾಡುಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಸಾಗರದ ಹತ್ತಿರದ ನಮ್ಮ ಊರಿನಲ್ಲಿ 2016ರಿಂದ 2018ರವರೆಗೆ ಬೇಸಿಗೆ ರಜೆಯಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಫೋನಿನಲ್ಲಿ ದಾಖಲಿಸಿದ 41 ಹಾಡುಗಳು ಅವು. ಬೀಸುವ ಪದ, ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು. ಅಜ್ಜಿ ಈಗಿಲ್ಲ. ಫೋಟೊ, ವಿಡಿಯೊ, ಜಮೀನಿನ ಕಾಗದಗಳ ಸ್ಕ್ಯಾನ್ ಪ್ರತಿ ಎಲ್ಲವೂ ಸೇರಿ ಸರ್ವರಿನಲ್ಲಿ 1.6 ಟೆರಾಬೈಟ್ ಇತ್ತು. ಹೋದರೆ ಮತ್ತೆ ಸಿಗದಂಥದ್ದು ಸುಮಾರು 380 ಗಿಗಾಬೈಟ್. ಹಾಡುಗಳು ಒಟ್ಟು ಸೇರಿ ಒಂದು ಗಿಗಾಬೈಟೂ ಇರಲಿಲ್ಲ, ಆದರೆ ನಮ್ಮ ಮನೆಯಲ್ಲಿ ಸರ್ವರ್ ಎಂದರೆ ಅವೇ.

ಯಂತ್ರ 2014ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್. ನಾಲ್ಕನೇ ತಲೆಮಾರಿನ ಐ5-4460 ಪ್ರೊಸೆಸರ್, 8 ಗಿಗಾಬೈಟ್ ಡಿಡಿಆರ್3 ರ್‍ಯಾಮ್, ಒಂದು ಹಳೆಯ ಗ್ರಾಫಿಕ್ಸ್ ಕಾರ್ಡ್, ಮೂರು ಹಾರ್ಡ್ ಡಿಸ್ಕ್: ಎರಡು ಟೆರಾಬೈಟಿನವು ಎರಡು, ಒಂದು ಟೆರಾಬೈಟಿನದು ಒಂದು. ವಿಂಡೋಸ್ ಬದಲು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಹಾಕಿ 2024ರಿಂದ ಹಗಲೂ ರಾತ್ರಿ ಓಡಿಸುತ್ತಿದ್ದೆ. ಅಂದು ಬೆಳಿಗ್ಗೆ ಅದು ಅರ್ಧಕ್ಕೇ ನಿಂತು ಡಿಸ್ಕ್ ಪರಿಶೀಲನೆ ಮಾಡು ಎನ್ನುತ್ತಿತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ವರದಿ ತೆಗೆದು ನೋಡಿದರೆ ಎರಡನೇ ಡಿಸ್ಕಿನ 197ನೇ ಸಾಲಿನಲ್ಲಿ 16 ಎಂದಿತ್ತು. ಓದಲು ಬಾರದೆ ಬಾಕಿ ಉಳಿದ ಸೆಕ್ಟರ್‌ಗಳ ಲೆಕ್ಕ ಅದು. ಆರೋಗ್ಯವಂತ ಡಿಸ್ಕಿನಲ್ಲಿ ಅಲ್ಲಿ ಸೊನ್ನೆ ಇರಬೇಕು. ಹಾಡುಗಳಿದ್ದದ್ದು ಅದೇ ಡಿಸ್ಕಿನಲ್ಲಿ.

ಇಲ್ಲಿ ನಾನು ಮಾಡಿದ ಒಂದು ಕೆಲಸ ಸರಿಯಾಗಿತ್ತು, ಇನ್ನೊಂದು ತಪ್ಪುವುದರಲ್ಲಿತ್ತು. ಸರಿಯಾದದ್ದು: ಬೇರೇನೂ ಮುಟ್ಟದೆ ಮೊದಲು ಹಾಡುಗಳನ್ನು ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡೆ. 40 ಬಂದವು. 17ನೇ ಹಾಡು ಬರಲಿಲ್ಲ. ಡಿಸ್ಕ್ ಕಟ್ ಕಟ್ ಎಂದು ಸದ್ದು ಮಾಡಿ ನಿಂತುಬಿಟ್ಟಿತು. ಆ ಒಂದು ಕಡತಕ್ಕಾಗಿ ಮತ್ತೆ ಮತ್ತೆ ಪ್ರಯತ್ನಿಸಬೇಕೆಂದು ಕೈ ತುಡಿಯುತ್ತಿತ್ತು. ಹಾಗೆ ಮಾಡಬಾರದು. ಸಾಯುತ್ತಿರುವ ಡಿಸ್ಕನ್ನು ಓಡಿಸಿದಷ್ಟೂ ಅದು ಹೆಚ್ಚು ಹಾಳಾಗುತ್ತದೆ. ಡಿಸ್ಕ್ ದುರಸ್ತಿಯ ಆದೇಶ ಕೊಟ್ಟರಂತೂ ಅದು ಡಿಸ್ಕಿನ ಮೇಲೆ ಬರೆಯಲು ತೊಡಗಿ ಉಳಿದದ್ದನ್ನೂ ಕೆಡಿಸಬಹುದು. ವಿದ್ಯುತ್ ತೆಗೆದು, ಡಿಸ್ಕ್ ಬಿಚ್ಚಿ, ಹತ್ತಿಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಅದನ್ನು ಪೂರ್ತಿ ನಕಲು ಮಾಡಿಕೊಳ್ಳಲು ಎರಡು ಟೆರಾಬೈಟ್ ಖಾಲಿ ಜಾಗ ಬೇಕು, ಅದು ನನ್ನ ಬಳಿ ಇರಲಿಲ್ಲ.

ಅದೇ ವಾರ ಕರೆಂಟ್ ಬಿಲ್ ಬಂತು. 207 ಯೂನಿಟ್, 1,800 ರೂಪಾಯಿಗೂ ಹೆಚ್ಚು.

ಗೃಹಜ್ಯೋತಿಯ ಲೆಕ್ಕ ಗೊತ್ತಿರುವವರಿಗೆ ಇದರ ಅರ್ಥ ತಕ್ಷಣ ಆಗುತ್ತದೆ. 2022-23ರ ನಮ್ಮ ಸರಾಸರಿ ಬಳಕೆ 158 ಯೂನಿಟ್. ಅದಕ್ಕೆ ಶೇ 10 ಸೇರಿಸಿ 174 ಯೂನಿಟ್‌ವರೆಗೆ ಉಚಿತ. 174 ದಾಟಿದರೆ ಹೆಚ್ಚಾದಷ್ಟಕ್ಕೆ ಮಾತ್ರ ಹಣ. ಆದರೆ 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ದಸರೆಯ ನೆಂಟರಿಂದ ಬಳಕೆ ಏರಿದ್ದು ನಿಜ. ಆದರೂ ಹಳೆಯ ಬಿಲ್ಲುಗಳನ್ನು ತೆಗೆದು ನೋಡಿದಾಗ, ಸರ್ವರ್ ಶುರುವಾದ ತಿಂಗಳಿನಿಂದಲೇ ನಾವು 180, 190ರ ಆಸುಪಾಸಿನಲ್ಲಿದ್ದೆವು. ಪ್ರತಿ ತಿಂಗಳೂ ಅಷ್ಟಿಷ್ಟು ಕಟ್ಟುತ್ತಲೇ ಇದ್ದೆವು, ಯಾರ ಗಮನಕ್ಕೂ ಬಂದಿರಲಿಲ್ಲ.

ಆ ರಾತ್ರಿ ಹೆಂಡತಿ, ನಾನು ಕೂತು ಮಾತಾಡಿ 20,000 ರೂಪಾಯಿ ಎಂದು ಗೆರೆ ಹಾಕಿಕೊಂಡೆವು. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ಬೇಡ, ಆದರೆ ಮುಂದಿನ ಐದು ವರ್ಷ ಈ ಭಯ ಇರಬಾರದು ಎಂಬುದು ಅವಳ ಮಾತು.

ಮೊದಲು ಕೊಂಡದ್ದು ಕಂಪ್ಯೂಟರೂ ಅಲ್ಲ, ಡಿಸ್ಕೂ ಅಲ್ಲ. ಪ್ಲಗ್ಗಿಗೆ ಸಿಕ್ಕಿಸಿ ಎಷ್ಟು ವಾಟ್ ಎಳೆಯುತ್ತಿದೆ ಎಂದು ತೋರಿಸುವ 900 ರೂಪಾಯಿಯ ಚಿಕ್ಕ ಮೀಟರ್. ಕೆಟ್ಟ ಡಿಸ್ಕಿನ ಜಾಗದಲ್ಲಿ ಯಾವುದೋ ಹಳೆಯ ಡಿಸ್ಕ್ ಇಟ್ಟು ಅಳೆದೆ. ಯಾವ ಕೆಲಸವೂ ಇಲ್ಲದೆ ಸುಮ್ಮನೆ ಕೂತಾಗಲೂ 68 ವಾಟ್. ತಿಂಗಳಿಗೆ ಲೆಕ್ಕ ಹಾಕಿದರೆ 49 ಯೂನಿಟ್. ಗ್ರಾಫಿಕ್ಸ್ ಕಾರ್ಡ್ ಕಿತ್ತು ಮತ್ತೆ ಅಳೆದೆ: 57 ವಾಟ್. ಸರ್ವರಿಗೆ ಆ ಕಾರ್ಡಿನಿಂದ ಏನೂ ಉಪಯೋಗವಿರಲಿಲ್ಲ. ಹನ್ನೊಂದು ವಾಟ್, ತಿಂಗಳಿಗೆ ಎಂಟು ಯೂನಿಟ್ ಸುಮ್ಮನೆ ಬಿಸಿಯಾಗಿ ಹೋಗುತ್ತಿತ್ತು. ಇದೇ ಹಾದಿ ಹಿಡಿಯುವವರು ಏನನ್ನೂ ಕೊಳ್ಳುವ ಮೊದಲು ಈ ಮೀಟರನ್ನು ಕೊಳ್ಳಿ, ಇಲ್ಲವೇ ಯಾರಿಂದಲಾದರೂ ಒಂದು ವಾರಕ್ಕೆ ಎರವಲು ತನ್ನಿ ಎಂದು ಕೇಳಿಕೊಳ್ಳುತ್ತೇನೆ.

ಅದೇ ವಾರ ಇನ್ನೆರಡನ್ನು ಅಳೆದೆ. ರ್‍ಯಾಮ್ ಬಳಕೆ ಅತಿ ಹೆಚ್ಚೆಂದರೆ 3.4 ಗಿಗಾಬೈಟ್. ಪ್ರೊಸೆಸರ್ ದಿನದ ಬಹುಪಾಲು ಶೇ 5ರೊಳಗೆ. ಏದುಸಿರು ಬಿಡುತ್ತಿದ್ದದ್ದು ಒಂದೇ ಹೊತ್ತಿನಲ್ಲಿ: ಹೆಂಡತಿಯ ಹೊಸ ಫೋನಿನ ವಿಡಿಯೊಗಳನ್ನು ಟೀವಿಗೆ ಬೇಕಾದ ರೂಪಕ್ಕೆ ಬದಲಿಸುವಾಗ. ಹೊಸ ಫೋನುಗಳು ಎಚ್‌ಇವಿಸಿ ಎಂಬ ಮಾದರಿಯಲ್ಲಿ ವಿಡಿಯೊ ತೆಗೆಯುತ್ತವೆ. ನಾಲ್ಕನೇ ತಲೆಮಾರಿನ ಇಂಟೆಲ್ ಚಿಪ್ಪಿನಲ್ಲಿ ಅದನ್ನು ಬಿಡಿಸುವ ಯಂತ್ರಾಂಶವೇ ಇಲ್ಲ, ಎಲ್ಲವನ್ನೂ ಪ್ರೊಸೆಸರ್ ತಾನೇ ಹೊರಬೇಕು. ಏಳನೇ ತಲೆಮಾರಿನಿಂದ 10 ಬಿಟ್ ಎಚ್‌ಇವಿಸಿಯೂ ಚಿಪ್ಪಿನೊಳಗಿನ ಗ್ರಾಫಿಕ್ಸ್ ಭಾಗದಲ್ಲೇ ಸಲೀಸಾಗಿ ಆಗುತ್ತದೆ.

ಬೇಕಾದದ್ದು ಏನೆಂದು ಇಷ್ಟರಲ್ಲಿ ಸ್ಪಷ್ಟವಾಯಿತು. ಕಡಿಮೆ ವಿದ್ಯುತ್ ಎಳೆಯುವ ಏಳನೇ ತಲೆಮಾರಿನ ಹಳೆಯ ಕಚೇರಿ ಕಂಪ್ಯೂಟರ್ ಒಂದು, ದೊಡ್ಡದೊಂದು ಡಿಸ್ಕ್, ಬೇರೆ ಊರಿನಲ್ಲಿ ಇಡಲು ಒಂದು ಪ್ರತಿ. ಕಾಲವೂ ಕೂಡಿಬಂದಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಎಂಟನೇ ತಲೆಮಾರಿಗಿಂತ ಹಿಂದಿನ ಇಂಟೆಲ್ ಚಿಪ್ಪುಗಳನ್ನು, ಒಂದೆರಡು ಅಪವಾದ ಬಿಟ್ಟರೆ, ಒಪ್ಪುವುದಿಲ್ಲ. ಹಾಗಾಗಿ ಕಚೇರಿಗಳಿಂದ ಏಳನೇ ತಲೆಮಾರಿನ ಒಳ್ಳೊಳ್ಳೆಯ ಯಂತ್ರಗಳು ಹೊರಬೀಳುತ್ತಿದ್ದವು. ಲಿನಕ್ಸ್ ಹಾಕುವ ನಮಗೆ ಆ ನಿಯಮ ಲೆಕ್ಕಕ್ಕಿಲ್ಲ.

ಡಿಸ್ಕ್ ತುರ್ತಾಗಿ ಬೇಕಿತ್ತು. ಅಕ್ಟೋಬರ್ 16ರಂದು ಆನ್‌ಲೈನಿನಲ್ಲಿ 4 ಟೆರಾಬೈಟಿನ ಹೊಸ ಡಿಸ್ಕಿಗೆ ಹಣ ಕಟ್ಟಿದೆ. 18ಕ್ಕೆ ಬಂತು. ಪೆಟ್ಟಿಗೆ ತೆರೆಯುವುದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದ ವಿಡಿಯೊ ಮಾಡಿಕೊಂಡೆ, ಅದು ನನ್ನನ್ನು ಉಳಿಸಿತು. ಹೊಸದು ಎಂದು ಮಾರಿದ್ದ ಡಿಸ್ಕನ್ನು ಸಿಕ್ಕಿಸಿ ಸ್ಮಾರ್ಟ್ ವರದಿ ನೋಡಿದರೆ, ಅದು ಆಗಲೇ 11,000 ಗಂಟೆಗೂ ಹೆಚ್ಚು ಓಡಿತ್ತು. ಒಂದೂಕಾಲು ವರ್ಷ ಎಲ್ಲೋ ದುಡಿದು ಬಂದದ್ದು. ಅದರ ಕ್ರಮಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿದರೆ, ಭಾರತದಲ್ಲಿ ಗ್ಯಾರಂಟಿ ಇಲ್ಲ ಎಂಬ ಉತ್ತರ.

ವಾಪಸ್ ಕೊಡುವ ಅರ್ಜಿಗೆ ಕೇಳಿದ್ದು ನಾಲ್ಕು: ಜಿಎಸ್‌ಟಿ ರಸೀದಿ, ಕ್ರಮಸಂಖ್ಯೆ ಕಾಣುವ ಫೋಟೊ, ಪೆಟ್ಟಿಗೆ ತೆರೆದ ವಿಡಿಯೊ, ಗಂಟೆಗಳ ಸಂಖ್ಯೆ ಕಾಣುವ ತೆರೆಯ ಚಿತ್ರ. ನಾಲ್ಕೂ ಇದ್ದವು. ಆದರೂ ಮೊದಲ ಸಲ ಅರ್ಜಿ ತಿರಸ್ಕೃತವಾಯಿತು, ಎರಡನೇ ಸಲ ಒಪ್ಪಿದರು. ಅಷ್ಟರಲ್ಲಿ ದೀಪಾವಳಿ ಬಂತು. ಡಿಸ್ಕ್ ಒಯ್ಯುವ ಹುಡುಗ ನಾಳೆ ಬರುತ್ತೇನೆ ಎನ್ನುತ್ತ ಮೂರು ದಿನ ಕಳೆದ. ಬಲಿಪಾಡ್ಯಮಿಯ ಸಂಜೆ ದೀಪ ಹಚ್ಚುವಾಗಲೂ ನನ್ನ ಮನಸ್ಸು ಬೀರುವಿನ ಆ ಬಟ್ಟೆಯ ಗಂಟಿನಲ್ಲೇ ಇತ್ತು. ಹಣ ಮರಳಿದ್ದು ಅಕ್ಟೋಬರ್ 29ಕ್ಕೆ. ಹನ್ನೊಂದು ದಿನ. ಮತ್ತೆ ಆನ್‌ಲೈನಿನಲ್ಲಿ ತರಿಸುವ ಧೈರ್ಯ ಬರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಗಂಟೆಗಳ ಆ ಸಂಖ್ಯೆಯನ್ನೂ ಅಳಿಸಿ ಸೊನ್ನೆ ಮಾಡಿ ಮಾರುವವರಿದ್ದಾರೆ. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಇಂಥ ಡಿಸ್ಕುಗಳು ಬಯಲಿಗೆ ಬಂದು ದೊಡ್ಡ ಸುದ್ದಿಯಾಯಿತು. ಸೀಗೇಟ್ ಡಿಸ್ಕುಗಳಲ್ಲಿ ಫಾರ್ಮ್ ಎಂಬ ಇನ್ನೊಂದು ಒಳದಾಖಲೆ ಇರುತ್ತದೆ. ಸ್ಮಾರ್ಟ್ ವರದಿ ತೆಗೆಯುವ ತಂತ್ರಾಂಶವಾದ ಸ್ಮಾರ್ಟ್‌ಮಾನ್‌ಟೂಲ್ಸ್‌ನ 7.4 ಅಥವಾ ಅದಕ್ಕಿಂತ ಹೊಸ ಆವೃತ್ತಿಯಲ್ಲಿ ಅದನ್ನು ಓದಬಹುದು. ಎರಡರ ಲೆಕ್ಕ ತಾಳೆಯಾಗದಿದ್ದರೆ ಡಿಸ್ಕ್ ಇಟ್ಟುಕೊಳ್ಳಬೇಡಿ.

ನವೆಂಬರ್ 1 ಶನಿವಾರ ಬೆಂಗಳೂರಿಗೆ ಹೋಗಬಹುದಿತ್ತು. ರಾಜ್ಯೋತ್ಸವದ ದಿನ ಎಷ್ಟು ಅಂಗಡಿ ತೆರೆದಿರುತ್ತವೋ ಎಂದು 8ಕ್ಕೆ ಮುಂದೂಡಿದೆ. ಕಂಪ್ಯೂಟರ್ ಅಂಗಡಿಗಳಿರುವ ಎಸ್‌ಪಿ ರಸ್ತೆಗೆ ಹೋಗುವವರು ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಮೈಸೂರಿನಿಂದ ಬೆಳಗಿನ ರೈಲು, ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೊ; ಮುಂದಿನ ನಿಲ್ದಾಣವೇ ಚಿಕ್ಕಪೇಟೆ, ಅಲ್ಲಿಂದ ನಡೆದೇ ಹೋಗಬಹುದು.

ಮನಸ್ಸಿನಲ್ಲಿದ್ದದ್ದು ಅಂಗೈಯಗಲದ ಮಿನಿ ಕಂಪ್ಯೂಟರ್. ಮೊದಲ ಅಂಗಡಿಯಲ್ಲೇ ಅದರ ಮುಚ್ಚಳ ತೆಗೆಸಿ ನೋಡಿದಾಗ ತಪ್ಪು ತಿಳಿಯಿತು: ಅದರೊಳಗೆ ಹಿಡಿಸುವುದು ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕ್ ಮಾತ್ರ. ಮೂರೂವರೆ ಇಂಚಿನ ದೊಡ್ಡ ಡಿಸ್ಕನ್ನು ಹೊರಗಿಟ್ಟು ಯುಎಸ್‌ಬಿಯಲ್ಲಿ ಜೋಡಿಸಬೇಕು. ಹಗಲೂ ರಾತ್ರಿ ಓಡುವ ಮುಖ್ಯ ಡಿಸ್ಕಿಗೆ ಯುಎಸ್‌ಬಿ ನನಗೆ ಒಪ್ಪಿಗೆಯಾಗಲಿಲ್ಲ. ಒಂದು ಸಲ ಕೇಬಲ್ ಅಲುಗಿದರೂ ಡಿಸ್ಕ್ ಕಳಚಿಕೊಳ್ಳುತ್ತದೆ. ಕೊನೆಗೆ ಅದರ ಅಣ್ಣನಂತಿರುವ, ದಪ್ಪ ನಿಘಂಟಿನ ಗಾತ್ರದ ಯಂತ್ರ ಆರಿಸಿಕೊಂಡೆ. ಐ5-7500, 8 ಗಿಗಾಬೈಟ್ ಡಿಡಿಆರ್4 ರ್‍ಯಾಮ್, 256 ಗಿಗಾಬೈಟ್ ಎಸ್‌ಎಸ್‌ಡಿ, ಮೂರೂವರೆ ಇಂಚಿನ ಡಿಸ್ಕಿಗೆ ಜಾಗ. 8,500 ರೂಪಾಯಿ, ಆರು ತಿಂಗಳ ಅಂಗಡಿ ಗ್ಯಾರಂಟಿ.

ಎರಡು ಅಂಗಡಿ ಆಚೆ ಡಿಸ್ಕ್ ಸಿಕ್ಕಿತು. ಡಿಸ್ಕ್ ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ: ಇದು ಸಿಎಂಆರ್ ಮಾದರಿಯೋ ಎಸ್‌ಎಂಆರ್ ಮಾದರಿಯೋ? ಎಸ್‌ಎಂಆರ್ ಡಿಸ್ಕಿನಲ್ಲಿ ಬರಹದ ಪಥಗಳು ಮಾಡಿನ ಹಂಚಿನಂತೆ ಒಂದರ ಮೇಲೊಂದು ಸ್ವಲ್ಪ ಏರಿ ಕೂತಿರುತ್ತವೆ. ನಡುವಿನ ಒಂದು ಹಂಚು ಬದಲಿಸಬೇಕೆಂದರೆ ಅದರ ಮೇಲೆ ಏರಿದ್ದನ್ನೆಲ್ಲ ಸರಿಸಿ ಮತ್ತೆ ಹೊದೆಸಬೇಕಲ್ಲ, ಹಾಗೆಯೇ ಅಲ್ಲಿ ಒಂದನ್ನು ತಿದ್ದಿ ಬರೆಯಲು ಅಕ್ಕಪಕ್ಕದ್ದನ್ನೂ ಮತ್ತೆ ಬರೆಯಬೇಕಾಗುತ್ತದೆ. ಒಮ್ಮೆ ತುಂಬಿ ಇಡಲು ಅದು ಸಾಕು, ದಿನವೂ ಬರೆಯುವ ಸರ್ವರಿಗೆ ಬಹಳ ನಿಧಾನ. ಸಿಎಂಆರ್ ಡಿಸ್ಕಿನಲ್ಲಿ ಪಥಗಳು ಹಾಗೆ ಒಂದರ ಮೇಲೊಂದು ಏರುವುದಿಲ್ಲ, ನನಗೆ ಬೇಕಿದ್ದದ್ದು ಅದೇ. ಅಂಗಡಿಯವರ ಮಾತನ್ನೇ ನಂಬದೆ ಮಾದರಿ ಸಂಖ್ಯೆಯನ್ನು ತಯಾರಕರ ಪಟ್ಟಿಯಲ್ಲಿ ಅಲ್ಲೇ ನಿಂತು ನೋಡಿದೆ. ಭಾರತದ ಗ್ಯಾರಂಟಿ ಇದೆಯೇ ಎಂದೂ ಅಲ್ಲೇ ನೋಡಿ, ನಂತರವೇ 10,900 ರೂಪಾಯಿ ಕೊಟ್ಟದ್ದು.

ರ್‍ಯಾಮ್ ಇನ್ನೊಂದು 8 ಗಿಗಾಬೈಟ್ ಸೇರಿಸುವ ಯೋಚನೆಯಿತ್ತು. ಸೆಪ್ಟೆಂಬರಿನಲ್ಲಿ ನಾನು ವಿಚಾರಿಸಿದಾಗ 1,700 ಇದ್ದದ್ದಕ್ಕೆ ಅಂದು 3,200 ಹೇಳಿದರು, ತಿಂಗಳ ಕೊನೆಗೆ ಫೋನ್ ಮಾಡಿದಾಗ ಇನ್ನೂ ಏರಿತ್ತು. ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳಿಗೆ ಬೇಕಾದ ಮೆಮೊರಿಯತ್ತ ತಯಾರಕರು ವಾಲಿದ್ದರಿಂದ ಜಗತ್ತಿನಾದ್ಯಂತ ಹೀಗಾಗಿದೆ. ಅಳೆದಿಟ್ಟುಕೊಂಡಿದ್ದ 3.4 ಎಂಬ ಸಂಖ್ಯೆ ಇಲ್ಲಿ ಕೈಹಿಡಿಯಿತು. ಇದ್ದ ಎಂಟೇ ಸಾಕು ಎಂದು ಬಿಟ್ಟೆ. ಹಳೆಯ ಯಂತ್ರದ ಡಿಡಿಆರ್3 ರ್‍ಯಾಮ್ ಹೊಸದಕ್ಕೆ ಕೂರುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ.

ಮನೆಗೆ ಬಂದು ಹೊಸ ಯಂತ್ರದ ಬಯೋಸ್, ಅಂದರೆ ವಿಂಡೋಸ್‌ಗೂ ಮೊದಲು ಏಳುವ ಮೂಲ ಹೊಂದಾಣಿಕೆಗಳ ಪುಟ, ತೆರೆಯಲು ಹೋದರೆ ಪಾಸ್‌ವರ್ಡ್ ಕೇಳಿತು. ಹಿಂದೆ ಅದು ಯಾವ ಕಚೇರಿಯಲ್ಲಿತ್ತೋ ಅಲ್ಲಿಯವರು ಹಾಕಿದ್ದ ಬೀಗ. ವಿಂಡೋಸ್ ಸಲೀಸಾಗಿ ತೆರೆದುಕೊಳ್ಳುತ್ತಿದ್ದರಿಂದ ಅಂಗಡಿಯಲ್ಲಿ ನಮ್ಮಿಬ್ಬರಿಗೂ ಗೊತ್ತಾಗಿರಲಿಲ್ಲ. ಸರ್ವರಿಗೆ ಬಯೋಸ್ ಬಹಳ ಮುಖ್ಯ. ಕರೆಂಟ್ ಬಂದ ಕೂಡಲೇ ತಾನಾಗಿ ಏಳು ಎಂದು ಹೇಳುವ ಆಯ್ಕೆ ಇರುವುದು ಅಲ್ಲೇ. ಅಂಗಡಿಯವರಿಗೆ ಫೋನ್ ಮಾಡಿದೆ. ತನ್ನಿ, ನೋಡೋಣ ಎಂದರು. ಮುಂದಿನ ಶನಿವಾರ ಮತ್ತೆ ರೈಲು. ಅಲ್ಲಿದ್ದ ಹುಡುಗ ಮದರ್‌ಬೋರ್ಡಿನಿಂದ ಉಗುರಿನಷ್ಟು ಚಿಕ್ಕ ಜಂಪರ್ ಒಂದನ್ನು ಕಿತ್ತು, ಒಮ್ಮೆ ಚಾಲೂ ಮಾಡಿ, ಮತ್ತೆ ಹಾಕಿದ. ಎರಡು ನಿಮಿಷದ ಕೆಲಸಕ್ಕೆ ನನ್ನದೊಂದು ದಿನ ಹೋಯಿತು. ಹಳೆಯ ಕಚೇರಿ ಕಂಪ್ಯೂಟರ್ ಕೊಳ್ಳುವವರು ಅಂಗಡಿಯಲ್ಲೇ ಬಯೋಸ್ ಒಳಹೊಕ್ಕು, ಏನಾದರೊಂದು ಬದಲಿಸಿ ಉಳಿಸಿ ನೋಡಿ. ಡಿಸ್ಕ್ ಕೂರಿಸುವ ಪ್ಲಾಸ್ಟಿಕ್ ತೊಟ್ಟಿಲು ಇದೆಯೇ ಎಂದೂ ನೋಡಿ. ನನ್ನದರಲ್ಲಿ ಇರಲಿಲ್ಲ, ಬೇರೆಡೆ ಹುಡುಕಿ 350 ರೂಪಾಯಿ ಕೊಟ್ಟು ತಂದೆ.

ಆ ಒಂದು ವಾರ ವ್ಯರ್ಥವಾಗಲಿಲ್ಲ. ಹೊಸ ಡಿಸ್ಕನ್ನು ಹಳೆಯ ಯಂತ್ರಕ್ಕೆ ಸಿಕ್ಕಿಸಿ, ಡಿಸ್ಕ್ ಪರೀಕ್ಷಿಸುವ ತಂತ್ರಾಂಶವಾದ ಬ್ಯಾಡ್‌ಬ್ಲಾಕ್ಸ್ ಓಡಿಸಿದ್ದೆ. ಅದು ಡಿಸ್ಕಿನ ಮೂಲೆಮೂಲೆಗೂ ನಾಲ್ಕು ಸಲ ಬರೆದು, ನಾಲ್ಕು ಸಲ ಓದಿ ತಾಳೆ ನೋಡುತ್ತದೆ. 4 ಟೆರಾಬೈಟಿಗೆ ಅರವತ್ತು ಗಂಟೆಯ ಹತ್ತಿರ ಹಿಡಿಯಿತು. ಒಳಗಿದ್ದದ್ದನ್ನೆಲ್ಲ ಅಳಿಸಿಬಿಡುವ ಪರೀಕ್ಷೆ ಇದು, ಆದ್ದರಿಂದ ಖಾಲಿ ಡಿಸ್ಕಿನ ಮೇಲೆ ಮಾತ್ರ, ಡಿಸ್ಕಿನ ಹೆಸರನ್ನು ಎರಡು ಸಲ ಓದಿಕೊಂಡು ಓಡಿಸಿ. ಮುಗಿದಾಗ ಸ್ಮಾರ್ಟ್ ವರದಿಯಲ್ಲಿ ಎಲ್ಲ ಕಡೆ ಸೊನ್ನೆ ಕಂಡಿತು.

ನವೆಂಬರ್ 16ರ ಭಾನುವಾರ ಬೀರುವಿನಿಂದ ಬಟ್ಟೆಯ ಗಂಟು ತೆಗೆದೆ. ಡಿಡಿ‌ರೆಸ್ಕ್ಯೂ ಎಂಬ ತಂತ್ರಾಂಶ ಕೆಟ್ಟ ಡಿಸ್ಕಿನಿಂದ ಮೊದಲು ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಕಷ್ಟದ ಜಾಗಗಳನ್ನು ಕೊನೆಗಿಟ್ಟುಕೊಳ್ಳುತ್ತದೆ. ಎಲ್ಲಿಯವರೆಗೆ ಆಯಿತು, ಎಲ್ಲಿ ಉಳಿಯಿತು ಎಂಬುದನ್ನು ಒಂದು ನಕ್ಷೆಯ ಕಡತದಲ್ಲಿ ಬರೆದುಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು, ಆದರೆ ಆ ನಕ್ಷೆಯನ್ನು ಕೊಡಲು ಮರೆಯಬಾರದು. ಮೊದಲ ಸುತ್ತು ಆರು ಗಂಟೆಯಲ್ಲಿ ಮುಗಿದು 8,192 ಬೈಟ್ ಉಳಿಯಿತು. ಎರಡು ಟೆರಾಬೈಟಿನಲ್ಲಿ ಅಷ್ಟೇ. ಆ ಎರಡು ಚೂರುಗಳಿಗಾಗಿ ಅದು ರಾತ್ರಿಯಿಡೀ ತಡಕಾಡಿತು. ಹಿಂದಿನಿಂದ ಮುಂದಕ್ಕೆ ಓದಿಸಿದೆ, ಮುಂದಿನಿಂದ ಹಿಂದಕ್ಕೆ ಓದಿಸಿದೆ. ಕಟ್ ಕಟ್ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದಾಗ ಉಳಿದದ್ದು 4,096 ಬೈಟ್. ಒಂದು ಚೂರು ಬಂದಿತ್ತು, ಇನ್ನೊಂದು ಬರಲೇ ಇಲ್ಲ. ಬಾರದ ಚೂರು ಎಲ್ಲಿಯದೆಂದು ಹುಡುಕಿದರೆ, ಮತ್ತೆ ಸುಲಭವಾಗಿ ಸಿಗುವ ಒಂದು ತಂತ್ರಾಂಶದ ಕಡತದ್ದು. 17ನೇ ಹಾಡು ಪೂರ್ತಿ ಬಂದಿತ್ತು.

ಆದರೂ ಕೇಳಿ ನೋಡದೆ ಸಮಾಧಾನವಿಲ್ಲ. ಎರಡು ನಿಮಿಷ ದಾಟಿದ ಮೇಲೆ ಅಜ್ಜಿಯ ದನಿ ಸಾಲಿನ ನಡುವೆ ನಿಂತುಹೋಯಿತು. ಒಂದು, ಎರಡು, ಮೂರು, ನಾಲ್ಕು ಸೆಕೆಂಡ್ ಏನೂ ಇಲ್ಲ. ಮತ್ತೆ ಶುರುವಾಯಿತು. ನನ್ನ ಎದೆ ಧಸಕ್ಕೆಂದಿತು. ನಕ್ಷೆ ತೆಗೆದು ಮತ್ತೆ ನೋಡಿದೆ, ಆ ಕಡತದಲ್ಲಿ ಒಂದು ಬೈಟೂ ಕಳೆದಿಲ್ಲ ಎನ್ನುತ್ತಿತ್ತು. ಅಮ್ಮನನ್ನು ಕರೆದು ಕೇಳಿಸಿದೆ. ಅಮ್ಮ ಕಣ್ಣು ಮುಚ್ಚಿ ಕೇಳಿ ಹೇಳಿದಳು, "ಅದು ಎಲೆಯಡಿಕೆಯ ಕವಳವನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದ್ದು ಕಣೋ. ಯಾವ ಹಾಡಾದರೂ ಅವಳು ಒಂದು ಕಡೆ ಹಾಗೆ ನಿಲ್ಲಿಸುತ್ತಿದ್ದಳು." ಕಿವಿಗೊಟ್ಟು ಮತ್ತೆ ಕೇಳಿದೆ. ಹೌದು, ಆ ಮೌನದಲ್ಲಿ ಅಂಗಳದ ಕಡೆಯಿಂದ ಕರುವಿನ ಕೊರಳ ಗಂಟೆ ಸಣ್ಣಗೆ ಕೇಳುತ್ತದೆ.

ಕಡತ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಕಿವಿಗೆ, ಕಣ್ಣಿಗೆ ಬಿಡಬಾರದು ಎಂದು ಅಂದೇ ನಿರ್ಧರಿಸಿದೆ. ಹೊಸ ಡಿಸ್ಕಿಗೆ ಝಡ್‌ಎಫ್‌ಎಸ್ ಕಡತವ್ಯವಸ್ಥೆ ಹಾಕಿದ್ದು ಅದಕ್ಕೇ. ಅದು ಪ್ರತಿ ತುಣುಕಿನ ತಾಳೆಸಂಖ್ಯೆ ಇಟ್ಟುಕೊಂಡು, ತಿಂಗಳಿಗೊಮ್ಮೆ ಎಲ್ಲವನ್ನೂ ಓದಿ ಹೋಲಿಸುತ್ತದೆ. ಒಂದೇ ಡಿಸ್ಕ್ ಇರುವುದರಿಂದ ಕೆಟ್ಟದ್ದನ್ನು ಸರಿಪಡಿಸಲಾರದು, ಕೆಟ್ಟಿದೆ ಎಂದು ಹೇಳಬಲ್ಲದು. ಸರಿಪಡಿಸಲು ಬೇರೆ ಪ್ರತಿ ಇದೆಯಲ್ಲ. ಎರಡು ಡಿಸ್ಕ್ ಹಾಕಿ ಒಂದರ ಪಡಿಯಚ್ಚು ಇನ್ನೊಂದರಲ್ಲಿ ಇಡಬೇಕೆಂದು ಹಲವರು ಹೇಳುತ್ತಾರೆ. ನನ್ನ ಬಳಿಯಿದ್ದ ಹಣಕ್ಕೆ, ಎರಡನೇ ಡಿಸ್ಕನ್ನು ಅದೇ ಪೆಟ್ಟಿಗೆಯೊಳಗೆ ಇಡುವುದಕ್ಕಿಂತ ಬೇರೆ ಊರಿನಲ್ಲಿ ಇಡುವುದೇ ಮೇಲು. ತಪ್ಪಿ ಅಳಿಸಿದ ಕಡತ ಪಡಿಯಚ್ಚಿನಲ್ಲೂ ಅದೇ ಕ್ಷಣ ಅಳಿದಿರುತ್ತದೆ. ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ.

ಇನ್ನು ಉಳಿದದ್ದು ಇನ್ವರ್ಟರ್ ಒಗಟು. ನಮ್ಮ ಮನೆಯಲ್ಲಿ ಇನ್ವರ್ಟರ್ ಇದೆ, ಸರ್ವರ್ ಅದರ ಸಾಲಿನಲ್ಲೇ ಇತ್ತು. ಹಾಗಿದ್ದೂ ಅಂದು ನಾಲ್ಕು ಸಲ ಆರಿ ಹೊತ್ತಿದ್ದೇಕೆ? ಯುಪಿಎಸ್ ಒಂದನ್ನು ಕೊಳ್ಳಲು 4,000 ತೆಗೆದಿಡಬೇಕು ಎಂದುಕೊಳ್ಳುತ್ತಿದ್ದಾಗ, ಹಾಳೆ ಹಳದಿಯಾದ ಇನ್ವರ್ಟರ್ ಕೈಪಿಡಿ ಕಣ್ಣಿಗೆ ಬಿತ್ತು. ಇನ್ವರ್ಟರಿನ ಹಿಂಬದಿಯಲ್ಲಿ ಒಂದು ಚಿಕ್ಕ ಸ್ವಿಚ್ ಇದೆ: ಒಂದು ಕಡೆ ಇಕೊ, ಇನ್ನೊಂದು ಕಡೆ ಯುಪಿಎಸ್. ಇಕೊ ಸ್ಥಿತಿಯಲ್ಲಿ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಹಿಡಿಯುವ ಹೊತ್ತು ಫ್ಯಾನ್, ದೀಪಗಳಿಗೆ ಗೊತ್ತಾಗುವುದಿಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ತಾಳಬಲ್ಲದ್ದು 15-20 ಮಿಲಿಸೆಕೆಂಡ್ ಮಾತ್ರ. ಯುಪಿಎಸ್ ಸ್ಥಿತಿಯಲ್ಲಿ ಅದಕ್ಕಿಂತ ಬೇಗ ಬದಲಾಗುತ್ತದೆ. ಬೆರಳಿನಿಂದ ಸ್ವಿಚ್ ಸರಿಸಿದೆ, ಮುಖ್ಯ ಸ್ವಿಚ್ ಆರಿಸಿ ಹತ್ತು ಸಲ ನೋಡಿದೆ, ಸರ್ವರ್ ಕದಲಲಿಲ್ಲ. ಖರ್ಚು ಸೊನ್ನೆ. ಒಂದು ಬೆಲೆ ತೆರಬೇಕು: ನನ್ನ ಇನ್ವರ್ಟರ್ ಇಕೊದಲ್ಲಿ 100ರಿಂದ 290 ವೋಲ್ಟ್‌ವರೆಗೆ ಒಪ್ಪುತ್ತದೆ, ಯುಪಿಎಸ್ ಸ್ಥಿತಿಯಲ್ಲಿ 180ರಿಂದ 260 ಮಾತ್ರ. ವೋಲ್ಟೇಜ್ ಇಳಿಯುವ ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ ಬ್ಯಾಟರಿ ಪದೇ ಪದೇ ದುಡಿಯಬೇಕಾಗುತ್ತದೆ. ನಿಮ್ಮ ಮನೆಯ ವೋಲ್ಟೇಜ್ ನೋಡಿಕೊಂಡು ತೀರ್ಮಾನಿಸಿ.

ಇನ್ವರ್ಟರ್ ತನ್ನ ಬ್ಯಾಟರಿ ಮುಗಿಯುತ್ತ ಬಂತು ಎಂದು ಸರ್ವರಿಗೆ ಹೇಳಲಾರದು. ಅದಕ್ಕೆ ನಾನು ಕಂಡುಕೊಂಡ ಉಪಾಯ: ಇನ್ವರ್ಟರ್ ಸಂಪರ್ಕವಿಲ್ಲದ ಅಡುಗೆಮನೆಯ ಪ್ಲಗ್ಗಿಗೆ ಮೂಲೆಯಲ್ಲಿ ಬಿದ್ದಿದ್ದ ಹಳೆಯ ರೂಟರ್ ಹಾಕಿದೆ. ಸರ್ವರ್ ನಿಮಿಷಕ್ಕೊಮ್ಮೆ ಅದನ್ನು ಕರೆಯುತ್ತದೆ. ಮೂವತ್ತು ನಿಮಿಷ ಓಗೊಡದಿದ್ದರೆ ಕರೆಂಟ್ ಹೋಗಿದೆ ಎಂದು ತಿಳಿದು ಕ್ರಮಬದ್ಧವಾಗಿ ಮಲಗುತ್ತದೆ. ಇದು ಸರಿಹೋಯಿತು ಎಂದುಕೊಂಡ ಮರುವಾರವೇ ಇನ್ನೊಂದು ತೊಡಕು ಕಂಡಿತು. ಕಂಬದ ದುರಸ್ತಿಗೆಂದು ಎರಡು ಗಂಟೆ ಕರೆಂಟ್ ತೆಗೆದಿದ್ದರು. ಸರ್ವರ್ ಮಲಗಿತು, ಕರೆಂಟ್ ಬಂದರೂ ಏಳಲಿಲ್ಲ. ಕಾರಣ ಹೊಳೆಯಲು ಒಂದು ಸಂಜೆ ಬೇಕಾಯಿತು: ಬ್ಯಾಟರಿ ಖಾಲಿಯಾಗದೆ ಇದ್ದುದರಿಂದ ಸರ್ವರಿನ ಮಟ್ಟಿಗೆ ಕರೆಂಟ್ ಹೋಗಿಯೇ ಇರಲಿಲ್ಲ, ಹೋಗದ ಕರೆಂಟ್ ಬಂದಾಗ ಏಳುವುದು ಹೇಗೆ? ಬಯೋಸ್‌ನಲ್ಲಿ ಪ್ರತಿದಿನ ಬೆಳಿಗ್ಗೆ 5.30ಕ್ಕೆ ತಾನಾಗಿ ಏಳುವ ಆಯ್ಕೆಯನ್ನೂ ಹಾಕಿದೆ. ಎದ್ದೇ ಇದ್ದರೆ ಅದರಿಂದ ಏನೂ ಆಗುವುದಿಲ್ಲ, ಮಲಗಿದ್ದರೆ ಅಮ್ಮನ ಕಾಫಿಯ ಹೊತ್ತಿಗೆ ಎದ್ದಿರುತ್ತದೆ.

ಹೊರಗಿನಿಂದ ಸಂಪರ್ಕಿಸುವ ವಿಷಯ ಚಿಕ್ಕದು. ಮನೆಯ ಫೈಬರ್ ಸಂಪರ್ಕದಲ್ಲಿ ಹಲವು ಮನೆಗಳಿಗೆ ಒಂದೇ ಐಪಿ ವಿಳಾಸ ಹಂಚಿರುತ್ತಾರೆ, ಹೊರಗಿನಿಂದ ನೇರ ಬರಲಾಗದು. ಪ್ರತ್ಯೇಕ ವಿಳಾಸಕ್ಕೆ ತಿಂಗಳ ಬಾಡಿಗೆ ಕೊಡುವ ಬದಲು, ನಮ್ಮ ಯಂತ್ರಗಳನ್ನು ಎಲ್ಲಿದ್ದರೂ ಖಾಸಗಿಯಾಗಿ ಬೆಸೆಯುವ ಟೇಲ್‌ಸ್ಕೇಲ್‌ನ ಉಚಿತ ಯೋಜನೆ ಹಾಕಿಕೊಂಡೆ. ಅರ್ಧ ಗಂಟೆಯ ಕೆಲಸ, ಅದಾದ ಮೇಲೆ ಮುಟ್ಟಿಲ್ಲ.

ಹಳೆಯ ಡಿಸ್ಕುಗಳಲ್ಲಿ ಚೆನ್ನಾಗಿದ್ದ ಎರಡು ಟೆರಾಬೈಟಿನದನ್ನು 1,100 ರೂಪಾಯಿಯ ಯುಎಸ್‌ಬಿ ಪೆಟ್ಟಿಗೆಗೆ ಹಾಕಿದೆ. ಪ್ರತಿ ಭಾನುವಾರ ಸಿಕ್ಕಿಸಿ, ಬ್ಯಾಕಪ್ ತಂತ್ರಾಂಶವಾದ ರೆಸ್ಟಿಕ್‌ನಿಂದ ಪ್ರತಿ ತೆಗೆದು, ಕಿತ್ತು ಕಪಾಟಿನಲ್ಲಿಡುತ್ತೇನೆ. ಒಂದು ಟೆರಾಬೈಟಿನದಕ್ಕೆ ಆ 380 ಗಿಗಾಬೈಟನ್ನು ಗೂಢಲಿಪಿಯಲ್ಲಿ ತುಂಬಿ ಡಿಸೆಂಬರ್ ಕೊನೆಯಲ್ಲಿ ಹಾಸನದ ತಂಗಿಯ ಮನೆಗೆ ಒಯ್ದೆ. ಅದೇ ಪೆಟ್ಟಿಗೆಯಲ್ಲಿ ಹಾಕಿ ಅವಳ ಲ್ಯಾಪ್‌ಟಾಪಿಗೆ ಜೋಡಿಸಿ, ಮೂರು ಹಾಡು, ಹತ್ತು ಫೋಟೊ, ಒಂದು ಜಮೀನಿನ ಕಾಗದ ಹೊರತೆಗೆದು ನೋಡಿದ ಮೇಲೆಯೇ ಅಲ್ಲಿ ಬಿಟ್ಟುಬಂದದ್ದು. ಮರಳಿ ಪಡೆದು ನೋಡದ ಪ್ರತಿಯನ್ನು ನಾನು ಇನ್ನು ಪ್ರತಿ ಎಂದು ಎಣಿಸುವುದಿಲ್ಲ. ಕೀಲಿಪದ ಬರೆದ ಚೀಟಿ ಡಿಸ್ಕಿನ ಜೊತೆಗಿಲ್ಲ. ಒಂದು ಹೆಂಡತಿಯ ಬಳಿ, ಒಂದು ಬ್ಯಾಂಕಿನ ಲಾಕರಿನಲ್ಲಿ.

ಖರ್ಚು ಹೀಗಾಯಿತು. ವಾಟ್ ಮೀಟರ್ 900, ಕಂಪ್ಯೂಟರ್ 8,500, ಡಿಸ್ಕ್ 10,900, ತೊಟ್ಟಿಲು 350, ಡಿಸ್ಕ್ ಜೋಡಿಸುವ ಸಾಟಾ ಕೇಬಲ್ 150, ಯುಎಸ್‌ಬಿ ಪೆಟ್ಟಿಗೆ 1,100, ಎರಡು ಸಲದ ಓಡಾಟ, ಊಟ 900. ಒಟ್ಟು 22,800. ಹಳೆಯ ಯಂತ್ರವನ್ನು ಡಿಸ್ಕುಗಳಿಲ್ಲದೆ ಬಡಾವಣೆಯ ಒಬ್ಬ ವಿದ್ಯಾರ್ಥಿ 3,000ಕ್ಕೆ ಕೊಂಡ. ಹಾಕಿಕೊಂಡ ಗೆರೆಗೆ 200 ರೂಪಾಯಿ ಕಡಿಮೆ, 19,800.

ಹೊಸ ಯಂತ್ರ ಈಗ 19 ವಾಟ್ ಎಳೆಯುತ್ತದೆ, ತಿಂಗಳಿಗೆ ಹದಿನಾಲ್ಕು ಯೂನಿಟ್. ಜನವರಿಯಲ್ಲಿ ಫ್ಯಾನುಗಳೂ ನಿಂತಿದ್ದವು, ಬಿಲ್ಲಿನಲ್ಲಿ 169 ಯೂನಿಟ್ ಎಂದಿತ್ತು, ಕಟ್ಟಬೇಕಾದ ಮೊತ್ತದ ಎದುರು ಸೊನ್ನೆ. ಬೇಸಿಗೆಯಲ್ಲಿ 174ರೊಳಗೆ ನಿಲ್ಲುವುದು ಕಷ್ಟ, ಆದರೆ 200ರ ಗಡಿ ಈಗ ದೂರವಿದೆ. ರ್‍ಯಾಮ್‌ನ ಎರಡನೇ ಜಾಗ ಖಾಲಿ ಇದೆ, ಬೆಲೆ ಇಳಿಯುವವರೆಗೆ ಹಾಗೆಯೇ ಇರುತ್ತದೆ. ಯುಗಾದಿಗೆ ತಂಗಿ ಬರುವಾಗ ಆ ಡಿಸ್ಕನ್ನು ತರುತ್ತಾಳೆ. ಈ ಮೂರು ತಿಂಗಳ ಫೋಟೊಗಳನ್ನು ಸೇರಿಸಿ ಮತ್ತೆ ಅವಳ ಕೈಯಲ್ಲೇ ಕಳಿಸಬೇಕು.